ಎರಡು ಮಧ್ಯಾಹ್ನದ ಕಲ್ಲು

ನಮ್ಮೂರಿನಲ್ಲಿ ಯಾರ ಮನೆಗಾದರೂ ಊಟಕ್ಕೆ ಹೋಗುವುದಿದ್ದರೆ, ಅವರ ಮನೆಯೊಳಗೆ ಈಗ ಹಗಲೋ ರಾತ್ರಿಯೋ ಎಂದು ಮೊದಲು ವಿಚಾರಿಸಿಕೊಂಡು ಹೋಗಬೇಕು. ಬೀದಿಯಲ್ಲಿ ನೆತ್ತಿ ಸುಡುವ ಬಿಸಿಲಿರುತ್ತದೆ. ಬಾಗಿಲು ತಟ್ಟಿ ಒಳಗೆ ಕಾಲಿಟ್ಟರೆ ಕಗ್ಗತ್ತಲು. ಮನೆಮಂದಿಯೆಲ್ಲ ಮುಸುಕೆಳೆದು ಗೊರಕೆ ಹೊಡೆಯುತ್ತಿರುತ್ತಾರೆ. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಬೆಳಗಾಗಿ ಯಾರೋ ಹಲ್ಲುಜ್ಜುತ್ತಿರುತ್ತಾರೆ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಲಿನವನೊಬ್ಬ ಮಾತ್ರ ಆಗಾಗ ಗೊಣಗುತ್ತಾನೆ, ಆದರೆ ಹಾಲಿನವರು ಎಲ್ಲ ಊರಿನಲ್ಲೂ ಗೊಣಗುತ್ತಾರೆ.

ಮದುವೆಯಾದ ಪ್ರತಿಯೊಂದು ಜೋಡಿಗೂ ಆಕಾಶದಲ್ಲಿ ಒಂದು ಕಲ್ಲು ಇರುತ್ತದೆ. ಮಂಗಳನಿಗೂ ಗುರುವಿಗೂ ನಡುವೆ ಲಕ್ಷಾಂತರ ಕಲ್ಲುಗಳು ಸೂರ್ಯನನ್ನು ಸುತ್ತುತ್ತಿವೆಯಲ್ಲ, ಅದರಲ್ಲೊಂದು. ಪುಸ್ತಕ ಓದಿದವರು ಅದನ್ನು ಕ್ಷುದ್ರಗ್ರಹ ಎನ್ನುತ್ತಾರೆ. ಸ್ವಂತ ಮನೆಯ ಕಲ್ಲನ್ನು ಕ್ಷುದ್ರ ಎಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಬರೀ ಕಲ್ಲು ಎನ್ನುತ್ತೇವೆ. ಆ ಕಲ್ಲು ತನ್ನ ಸುತ್ತ ತಾನು ಒಂದು ಸಲ ತಿರುಗಿದರೆ ಆ ಮನೆಗೆ ಒಂದು ದಿನ. ಎಂಟು ಗಂಟೆಗೊಮ್ಮೆ ತಿರುಗುವ ಕಲ್ಲಿದ್ದರೆ ಎಂಟು ಗಂಟೆಗೊಮ್ಮೆ ಬೆಳಗಾಗುತ್ತದೆ. ಕೆರೆ ಬೀದಿಯ ಮೂಲೆಮನೆಯವರ ಕಲ್ಲು ಎಂಥ ಸೋಮಾರಿಯೆಂದರೆ, ಅಲ್ಲಿ ಒಂದೊಂದು ಹಗಲು ವಾರಗಟ್ಟಲೆ ನಡೆಯುತ್ತದೆ. ಅವರು ಸಂಜೆ ಕಾಫಿಗೆ ಬನ್ನಿ ಎಂದು ಕರೆದರೆ ಯಾರೂ ಹೋಗುವುದಿಲ್ಲ. ಬೀದಿ, ಅಂಗಡಿ, ಶಾಲೆ, ಮದುವೆಯಾಗದವರ ಕೋಣೆಗಳು, ಇವೆಲ್ಲ ಸೂರ್ಯನ ಲೆಕ್ಕಕ್ಕೆ. ನಮ್ಮೂರಿನ ಮಟ್ಟಿಗೆ ಸೂರ್ಯ ಇರುವುದು ಬ್ರಹ್ಮಚಾರಿಗಳಿಗೆ ಮತ್ತು ಬೀದಿನಾಯಿಗಳಿಗೆ.

ಕಲ್ಲುಗಳಲ್ಲೂ ಜಾತಿಯಿದೆ. ಕಬ್ಬಿಣದ ಕಲ್ಲು ಅಪರೂಪ; ಅದು ಸಿಕ್ಕ ಮನೆಗಳಲ್ಲಿ ಹಗಲು ಕಣ್ಣು ಕುಕ್ಕುತ್ತದೆ, ಅಲ್ಲಿನ ಹೆಂಗಸರು ಕಪ್ಪು ಕನ್ನಡಕ ಹಾಕಿಕೊಂಡು ದೋಸೆ ಹುಯ್ಯುತ್ತಾರೆ, ಆ ಕನ್ನಡಕವನ್ನು ಬೀದಿಗೆ ಬಂದಾಗಲೂ ಬೇಕೆಂದೇ ತೆಗೆಯುವುದಿಲ್ಲ. ಬರೀ ಬಂಡೆಯ ಜಾತಿಯವು ಮಧ್ಯಮ ವರ್ಗ. ಎಲ್ಲಕ್ಕಿಂತ ಹೆಚ್ಚಿರುವುದು ಇದ್ದಿಲು ಜಾತಿ. ಅವು ಬಿದ್ದ ಬೆಳಕನ್ನೆಲ್ಲ ತಾವೇ ನುಂಗಿಕೊಳ್ಳುತ್ತವೆ, ಹಾಗಾಗಿ ಆ ಮನೆಗಳಲ್ಲಿ ನಡುಹಗಲಲ್ಲೂ ಅಕ್ಕಿ ಆರಿಸಲು ದೀಪ ಬೇಕು.

ನಾನು ಪರದೆ ಹೊಲಿಯುವವಳು, ಹೆಸರು ಪದ್ಮಾಕ್ಷಿ. ಒಬ್ಬರ ಮನೆಯ ಹಗಲು ಇನ್ನೊಬ್ಬರ ಮನೆಯ ರಾತ್ರಿಯ ಮೇಲೆ ಚೆಲ್ಲಬಾರದಲ್ಲ, ಅದಕ್ಕೆ ದಪ್ಪ ಪರದೆ ಬೇಕು. ಕಬ್ಬಿಣದವರಿಗೆ ಮೂರು ಪದರ, ಬಂಡೆಯವರಿಗೆ ಎರಡು, ಇದ್ದಿಲಿನವರಿಗೆ ಒಂದು ತೆಳು ಬಟ್ಟೆ ಸಾಕು. ನನ್ನ ಗಂಡ ವಾಮನಮೂರ್ತಿ ಗಡಿಯಾರ ಮಾಡುತ್ತಾರೆ. ಮನೆಗೊಂದು ದಿನವಿದ್ದ ಮೇಲೆ ಮನೆಗೊಂದು ಗಡಿಯಾರವೂ ಬೇಕಾಗುತ್ತದೆ. ಹೆಸರು ವಾಮನನಾದರೂ ಆಳು ಆರಡಿಗೂ ಮೇಲೆ. ಯಾವ ಬಾಗಿಲಿನಲ್ಲಿ ಬಗ್ಗದೆ ಬಂದರೂ ಹಣೆಗೆ ಪೆಟ್ಟು. ಯಾರು ಏನೇ ಕೇಳಲಿ, ಅವರ ಉತ್ತರ ‘ನೋಡೋಣ’. ಗಂಡ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅರ್ಧ ಗಂಡ. ನಮ್ಮದು ಅರೆಮದುವೆ.

ಅರೆಮದುವೆ ಎಂದರೇನೆಂದು ಹೇಳಬೇಕಾದರೆ ಕಲ್ಲು ಸಿಗುವ ಬಗೆಯನ್ನು ಹೇಳಬೇಕು. ಊರಾಚೆ ಗುಡ್ಡದ ಮೇಲೆ ದುರ್ಬೀನು ಮನೆಯಿದೆ. ಉಗ್ರಪ್ಪನವರು ಅದನ್ನು ನೋಡಿಕೊಳ್ಳುತ್ತಾರೆ. ಹೆಸರೊಂದು ಬಿಟ್ಟರೆ ಅವರಲ್ಲಿ ಉಗ್ರವಾದದ್ದು ಏನೂ ಇಲ್ಲ. ಮದುವೆ ಗೊತ್ತಾದ ಜೋಡಿ ಅವರಲ್ಲಿ ಹೇಳಿಕೊಂಡರೆ, ಅವರು ಆಕಾಶದ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಗಾಜಿನ ಫಲಕದ ಮೇಲೆ ಫೋಟೋ ಹಿಡಿದು, ಎರಡನ್ನೂ ಜೋಡಿಸಿಟ್ಟು ನೋಡುತ್ತಾರೆ. ನಕ್ಷತ್ರದ ಚುಕ್ಕೆಗಳೆಲ್ಲ ಇದ್ದಲ್ಲೇ ಇರುತ್ತವೆ. ಯಾವುದೋ ಒಂದು ಚುಕ್ಕೆ ಮಾತ್ರ ಒಂದಿಷ್ಟು ಪಕ್ಕಕ್ಕೆ ಸರಿದಿರುತ್ತದೆ. ಅದೇ ಕಲ್ಲು. ಅದು ಮೊದಲ ಸಲ ಕಂಡಾಗ ನಿಶ್ಚಿತಾರ್ಥ. ಎರಡನೆಯ ಸಲ ಕಂಡಾಗ ತಾಳಿ. ಮೂರನೆಯ ಸಲ ಕಂಡರೆ ಅದರ ದಾರಿ ಲೆಕ್ಕಕ್ಕೆ ಸಿಕ್ಕಿತು, ಇನ್ನು ಅದು ಎಲ್ಲಿಗೂ ತಪ್ಪಿಸಿಕೊಳ್ಳಲಾರದು ಎಂದರ್ಥ. ಆಗ ಜೋಡಿಗೆ ಮನೆ, ಮನೆಗೆ ಹಗಲು ರಾತ್ರಿ. ಎರಡು ಸಲ ಕಂಡು ಮೂರನೆಯ ಸಲ ಕಾಣದೆ ಹೋದರೆ ಅರೆಮದುವೆ. ಅರೆಮದುವೆಯವರು ಜೊತೆಯಲ್ಲಿ ಅಡುಗೆ ಮಾಡಬಹುದು, ಉಣ್ಣಬಹುದು, ಜಗಳವನ್ನೂ ಆಡಬಹುದು. ಬೀದಿದೀಪ ಹತ್ತಿದ ಕೂಡಲೇ ಗಂಡಸು ಎದ್ದು ತನ್ನ ಕೋಣೆಗೆ ಹೋಗಬೇಕು.

ನಮ್ಮ ಕಲ್ಲು ಎರಡು ಸಲ ಚೆನ್ನಾಗಿಯೇ ಕಂಡಿತು. ಮೂರನೆಯ ನೋಟದ ದಿನ ಗುಡ್ಡದ ಮೇಲೆ ಬೆಳಕಿರಬಾರದು ಎಂಬುದು ಊರಿನ ಕೂಸಿಗೂ ಗೊತ್ತು. ಇವರ ತಂಗಿ ತುಂಗಮ್ಮನಿಗೂ ಗೊತ್ತಿತ್ತು. ಆದರೆ ಅಣ್ಣನ ಮದುವೆ ಪೂರ್ತಿಯಾಗುವ ಹೊತ್ತಿನಲ್ಲಿ ಒಂದು ದೀಪವೂ ಇಲ್ಲದೆ ಇರುವುದು ಅಪಶಕುನವೆಂದು ಅವಳ ಮನಸ್ಸಿಗೆ ಅನ್ನಿಸಿಬಿಟ್ಟಿತು. ಓಲಗದವರನ್ನು ಮುಂದಿಟ್ಟುಕೊಂಡು, ಕೈಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಗ್ಯಾಸ್‌ಲೈಟು ಹಿಡಿದು, ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಗುಡ್ಡ ಹತ್ತಿದಳು. ಎಲ್ಲರ ಕೈಯಲ್ಲೂ ಗ್ಯಾಸ್‌ಲೈಟು. ದುರ್ಬೀನು ಬಾಯಿ ತೆರೆದುಕೊಂಡು ಕೂತಿತ್ತು. ಅಷ್ಟೂ ಬೆಳಕು ಕುಡಿದ ಫಲಕವನ್ನು ತೊಳೆದು ನೋಡಿದರೆ ಒಲೆಯ ಮೇಲಿನ ಬಾಣಲೆಯ ತಳದಷ್ಟು ಕಪ್ಪು. ಮರುದಿನದಿಂದ ಮೋಡ. ಮೋಡ ಸರಿಯುವಷ್ಟರಲ್ಲಿ ಕಲ್ಲು ಸೂರ್ಯನ ಹಿಂದಕ್ಕೆ ಹೋಗಿತ್ತು. ಆಚೆ ಕಡೆಯಿಂದ ಬರುತ್ತದೆಂದು ಕಾದರೆ ಬರಬೇಕಾದ ಜಾಗದಲ್ಲಿ ಬರಲಿಲ್ಲ. ‘ಎರಡು ಚುಕ್ಕೆ ಇಟ್ಕೊಂಡು ದಾರಿ ಹೇಳೋಕಾಗಲ್ಲಮ್ಮ’ ಎಂದು ಉಗ್ರಪ್ಪನವರು ಅತ್ತರು. ಆಗ ಅವರಿನ್ನೂ ಕೆಲಸಕ್ಕೆ ಹೊಸಬರು.

ಬೇರೆ ಕಲ್ಲು ಕೇಳಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳಬಹುದು. ಕೇಳುವಂತಿಲ್ಲ. ಕಳೆದುಹೋದ ಕಲ್ಲನ್ನು ಬಿಟ್ಟುಕೊಟ್ಟರೆ ತಾಳಿಯನ್ನೂ ಬಿಚ್ಚಿಕೊಡಬೇಕು. ಮತ್ತೆ ಮದುವೆಯಾಗದವರಾಗಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ನನಗೆ ಅದು ಬೇಡವಾಗಿತ್ತು. ಹೀಗೆ ಇಪ್ಪತ್ತು ಚಿಲ್ಲರೆ ವರ್ಷ ನಾವು ಗಂಡ ಹೆಂಡತಿ, ಬೀದಿದೀಪ ಹತ್ತುವ ತನಕ.

ತುಂಗಮ್ಮನ ಸೊಂಟದ ಮೇಲಿದ್ದ ಆ ಕೂಸೇ ಪ್ರಫುಲ್ಲ. ಹೋದ ವರ್ಷ ಅವಳಿಗೆ ಗಂಗರಾಜು ಎಂಬ ಹುಡುಗನ ಜೊತೆ ಮದುವೆ ಗೊತ್ತಾಯಿತು. ಅವರ ಕಲ್ಲು ಮೂರು ಸಲವೂ ಬೆನ್ನುಬೆನ್ನಿಗೆ ಸಲೀಸಾಗಿ ಕಂಡಿತು, ತಾಳಿಗೆ ಮುಹೂರ್ತವೊಂದು ಬಾಕಿ. ಸೋದರಮಾವನೆಂದು ಇವರು ಬಿಟ್ಟಿ ಗಡಿಯಾರ ಮಾಡಲು ಕೂತರು, ನಾನು ಬಿಟ್ಟಿ ಪರದೆ. ಗಂಗರಾಜು ಹೊಸ ಮನೆಗೆ ಗಿಳಿಹಸಿರು ಬಣ್ಣ ಬಳಿಸಿದ. ಕಲ್ಲಿನ ಗುಣಲಕ್ಷಣ ತಿಳಿಯದೆ ಬಟ್ಟೆ ಕತ್ತರಿಸುವಂತಿಲ್ಲ, ಹಾಗಾಗಿ ಉಗ್ರಪ್ಪನವರು ಬಂದು ಹೇಳಲಿ ಎಂದು ನಾನು ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಅಂಗಡಿಗೆ ಬಂದರು. ಬಂದವರು ಕುರ್ಚಿಯಲ್ಲಿ ಕೂರದೆ ಬಟ್ಟೆಯ ಸುರುಳಿಯ ಮೇಲೆ ಕೂತರು. ಏನೋ ಸರಿಯಿಲ್ಲ ಎಂದು ಆಗಲೇ ಗೊತ್ತಾಯಿತು.

‘ಇದ್ದಿಲು ಜಾತಿ’ ಎಂದರು. ‘ನೂರು ಪಾಲು ಬೆಳಕು ಬಿದ್ರೆ ನಾಕು ಪಾಲು ವಾಪಸ್ ಕೊಟ್ರೆ ಹೆಚ್ಚು.’

‘ಹಾಗಾದ್ರೆ ಒಂದು ಪದರ ಸಾಕು. ಆಕಾರ?’

‘ಕಡಲೆಕಾಯಿ. ಎರಡು ಬೀಜದ್ದು, ನಡುವೆ ಸಣ್ಣ. ಉದ್ದ ನಮ್ಮೂರಿಂದ ಸಂತೆ ಊರಿನ ತನಕ ಬರತ್ತೆ, ಅಗಲ ಅದರಲ್ಲಿ ಅರ್ಧ. ಒಂದು ಸುತ್ತಲ್ಲಿ ಉದ್ದದ ಮಗ್ಗುಲು ಎರಡು ಸಲ ತೋರಿಸತ್ತೆ, ಎರಡು ಸಲವೂ ಬೆಳಕು ಏರತ್ತೆ.’

‘ಅಂದ್ರೆ ದಿನಕ್ಕೆ ಎರಡು ಮಧ್ಯಾಹ್ನ.’

‘ಎರಡು ಮಧ್ಯಾಹ್ನ, ಎರಡು ಊಟ. ಮಧ್ಯೆ ಒಂದಿಷ್ಟು ಮಬ್ಬು. ಇಷ್ಟೆಲ್ಲ ಐದು ಗಂಟೆ ಒಳಗೆ ಮುಗಿದು, ರಾತ್ರಿಯೂ ಆಗಿ, ಮತ್ತೆ ಬೆಳಗಾಗತ್ತೆ. ಬಲು ಚುರುಕು ಕಲ್ಲು. ಒಳಗೆ ನೀರು ಹಿಡಿದ ಜೇಡಿಮಣ್ಣೂ ಇರೋ ಹಾಗಿದೆ. ಉಪ್ಪಿನಕಾಯಿ ಬೂಷ್ಟು ಹಿಡೀಬಹುದು ಅಂತ ಹುಡುಗಿಗೆ ಹೇಳಿ.’

ಪ್ರಫುಲ್ಲನಿಗೆ ಅಡುಗೆ ಎಂದರೆ ಆಗದು. ಐದು ಗಂಟೆಯ ದಿನಕ್ಕೆ ಎರಡು ಊಟ ಎಂದರೆ ಅವಳು ಒಲೆಯ ಮುಂದಿನಿಂದ ಏಳುವುದು ಯಾವಾಗ ಎಂದು ನಾನು ನಕ್ಕೆ. ಉಗ್ರಪ್ಪನವರು ನಗಲಿಲ್ಲ. ಬಟ್ಟೆಯ ಅಂಚಿನಿಂದ ಒಂದೊಂದೇ ನೂಲು ಎಳೆಯುತ್ತಿದ್ದರು.

‘ಪದ್ಮಾಕ್ಷಮ್ಮ, ಮೂರು ಚುಕ್ಕೆ ಸಿಕ್ಕಿದ ಮೇಲೆ ದಾರಿ ಹಿಡಿದು ಹಿಂದಕ್ಕೂ ಲೆಕ್ಕ ಹಾಕಿ ನೋಡ್ತೀವಿ. ಅದೊಂದು ಪದ್ಧತಿ. ಈ ಕಲ್ಲು ಇಷ್ಟು ವರ್ಷದ ಹಿಂದೆ ಎಲ್ಲಿತ್ತು, ಅದಕ್ಕಿಂತ ಹಿಂದೆ ಎಲ್ಲಿತ್ತು ಅಂತ. ಹಾಕ್ತಾ ಹಾಕ್ತಾ ಹೋದೆ. ನಿಮ್ಮ ಎರಡು ಚುಕ್ಕೆ ಇದ್ವಲ್ಲ, ಅದರ ಮೇಲೇ ಬಂದು ಕೂತ್ಕೊಳ್ತು. ಒಂದು ಕೂದಲೂ ಆಚೀಚೆ ಇಲ್ಲ.’

ನಾನು ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದೆ. ನನಗೆ ಹೇಳತೀರದ ಸಂತೋಷವಾಯಿತು. ಸಂತೋಷದ ಹಿಂದೆಯೇ ಭಯವೂ ಬಂತು, ಏಕೆಂದರೆ ಆ ಹೊತ್ತಿಗಾಗಲೇ ಪ್ರಫುಲ್ಲನ ಲಗ್ನಪತ್ರಿಕೆ ಅರ್ಧ ಊರಿಗೆ ಹಂಚಿಯಾಗಿತ್ತು.

‘ಮೊದಲು ಕಂಡೋರಿಗೇ ಕಲ್ಲು, ನಿಯಮ ಹಾಗಿದೆ’ ಎಂದರು ಉಗ್ರಪ್ಪನವರು. ‘ನಿಮ್ಮ ಎರಡು, ಅವರ ಒಂದು ಸೇರಿ ನಿಮಗೆ ಮೂರು ಪೂರ್ತಿ. ಆದ್ರೆ ಇಬ್ಬರೂ ಬಂದು ನಿಮ್ಮ ಹಳೇ ಫಲಕದ ಮೇಲೆ ಕೈಯಿಟ್ಟು ನಮ್ಮದು ಅಂತ ಹೇಳ್ಬೇಕು. ಒಬ್ಬರು ಹೇಳಿ ಒಬ್ಬರು ಸುಮ್ನಿದ್ರೆ ಬಿಟ್ಟುಕೊಟ್ಟ ಹಾಗೆ. ಬಿಟ್ಟುಕೊಟ್ರೆ ಏನಾಗತ್ತೆ ಅಂತ ನಿಮಗೆ ಗೊತ್ತಲ್ಲ.’

ಗೊತ್ತಿಲ್ಲದೆ ಏನು. ನನ್ನ ಕೈ ಕತ್ತಿನ ತಾಳಿಗೆ ಹೋಯಿತು.

ಮಧ್ಯಾಹ್ನ ಇವರು ಎಂದಿನಂತೆ ನನ್ನ ಅಂಗಡಿಯ ಹಿಂದಿನ ಕೋಣೆಗೆ ಊಟಕ್ಕೆ ಬಂದಾಗ ಹೇಳಿದೆ. ಸಾರು ಕಲಸುತ್ತಿದ್ದ ಕೈ ನಿಂತಿತು. ಆಮೇಲೆ ಮತ್ತೆ ಕಲಸಿದರು. ಎಲ್ಲ ಕೇಳಿಸಿಕೊಂಡು, ಮಜ್ಜಿಗೆ ಕುಡಿದು, ‘ನೋಡೋಣ’ ಎಂದರು.

‘ಏನು ನೋಡೋದು? ಇಷ್ಟು ವರ್ಷ ನೋಡಿದ್ದು ಸಾಲ್ದಾ?’

‘ಪತ್ರಿಕೆ ಹಂಚಿಬಿಟ್ಟಿದಾರಲ್ಲೇ.’

‘ನಮ್ಮ ಪತ್ರಿಕೇನೂ ಹಂಚಿದ್ವಿ ಆಗ.’

‘ತುಂಗ ಏನಂತಾಳೋ.’

‘ತುಂಗ ಏನಂತಾಳೆ ಅಂತ ನಂಗೆ ಗೊತ್ತು. ನೀವು ಏನಂತೀರಾ, ಅದು ಹೇಳಿ. ನಿಮಗೆ ಬೇಕಾ, ಬೇಡ್ವಾ?’

ಅವರು ತಟ್ಟೆಯಲ್ಲಿ ಬೆರಳಿನಿಂದ ಗೀಚುತ್ತಾ ಕೂತರು. ಆಮೇಲೆ ಅಂಗಡಿಯ ಒಂದು ಮೂಲೆಯಲ್ಲಿ ಪ್ರಫುಲ್ಲನ ಗಡಿಯಾರವನ್ನು ಬಿಚ್ಚಿ ಹರಡಿಕೊಂಡು ಏನೋ ಮಾಡಿದರು. ಬೀದಿದೀಪ ಹತ್ತಿತು. ಎದ್ದು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ಬಗ್ಗಿ, ಹೋದರು. ಆವತ್ತು ನನಗೆ ಬಂದ ಸಿಟ್ಟು ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಈ ಮನುಷ್ಯನಿಗೆ ಅರೆಮದುವೆಯೇ ಒಗ್ಗಿಹೋಗಿದೆ, ತಾನು ತನ್ನ ಕೋಣೆ ತನ್ನ ಗಡಿಯಾರ ಎಂದು ಹಾಯಾಗಿದ್ದಾನೆ, ನಾನೊಬ್ಬಳೇ ಆಕಾಶ ನೋಡಿಕೊಂಡು ಕೂತಿದ್ದೆ ಎಂದು ಅನ್ನಿಸಿತು.

ಸುದ್ದಿ ಊರೆಲ್ಲ ಹಬ್ಬಿತು. ತಮಾಷೆಯೆಂದರೆ, ಕಲ್ಲು ಯಾರಿಗೆ ಸೇರಬೇಕೆಂದು ಒಬ್ಬರೂ ಚರ್ಚೆ ಮಾಡಲಿಲ್ಲ. ನಾನು ತ್ಯಾಗ ಮಾಡುತ್ತೇನೆಂದು ಎಲ್ಲರೂ ಅವರಷ್ಟಕ್ಕೆ ತೀರ್ಮಾನಿಸಿ, ನನ್ನನ್ನು ಹೊಗಳಲು ಶುರು ಮಾಡಿಬಿಟ್ಟರು. ತರಕಾರಿ ಅಂಗಡಿಯಲ್ಲಿ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಕೊಟ್ಟರು. ಶಾಲೆಯ ಮೇಡಮ್ಮು ಮಕ್ಕಳಿಗೆ ನನ್ನ ಬಗ್ಗೆ ಹೇಳಿದರಂತೆ. ಮೂರನೆಯ ತರಗತಿಯವರು ಸಾಲಾಗಿ ಬಂದು ನನಗೆ ನಮಸ್ಕಾರ ಮಾಡಿ ಹೋದರು. ಕಬ್ಬಿಣದ ಮನೆಯ ಹೆಂಗಸೊಬ್ಬಳು ಕಪ್ಪು ಕನ್ನಡಕವನ್ನು ಹಣೆಗೇರಿಸಿ, ‘ನಿಮ್ಮಂಥೋರು ಇರೋದ್ರಿಂದ ಕಣ್ರೀ ಊರು ನಿಂತಿರೋದು. ಅಲ್ದೆ ಈ ವಯಸ್ಸಲ್ಲಿ ಇನ್ನೇನು ವ್ಯತ್ಯಾಸ’ ಎಂದಳು. ಈ ವಯಸ್ಸಲ್ಲಿ ಎಂಬ ಮಾತನ್ನು ಆ ವಾರದಲ್ಲಿ ನಾನು ಎಷ್ಟು ಬಾಯಿಂದ ಕೇಳಿದೆನೋ. ಅವಳ ಪರದೆಗೆ ಮೂರರ ಬದಲು ಎರಡೇ ಪದರ ಹಾಕಿ ಕಳಿಸಿದೆ.

ಎರಡು ದಿನ ಬಿಟ್ಟು ತುಂಗಮ್ಮ ಬಂದಳು, ರೇಷ್ಮೆ ಸೀರೆ ಹಿಡಿದುಕೊಂಡು. ಆಗಲೇ ಫಾಲ್ಸು ಹೊಲಿಸಿ, ಕುಚ್ಚು ಕಟ್ಟಿಸಿದ್ದಳು.

‘ಅತ್ತಿಗೆ, ಇದು ನಿಮಗೆ. ನಿಮ್ಮ ಋಣ ನಾವು ಏಳು ಜನ್ಮಕ್ಕೂ ತೀರಿಸೋಕಾಗಲ್ಲ.’

‘ನಾನು ಏನೂ ಹೇಳೇ ಇಲ್ವಲ್ಲ ತುಂಗ.’

‘ಹೇಳ್ಬೇಕಾ? ನಿಮ್ಮ ಮನಸ್ಸು ನಂಗೆ ಗೊತ್ತಿಲ್ವಾ? ಅಣ್ಣನ ಹತ್ರ ನಿನ್ನೆ ಮಾತಾಡಿದೆ.’

‘ಏನಂದ್ರು?’

‘ನೋಡೋಣ ಅಂದ. ಅಣ್ಣ ನೋಡೋಣ ಅಂದ್ರೆ ಹೂಂ ಅಂತಾನೇ.’

ಸೀರೆಯನ್ನು ಅವಳ ಕಡೆಗೇ ಸರಿಸಿ, ‘ಒಯ್ಕೊಂಡು ಹೋಗು’ ಎಂದೆ. ಅವಳು ಅದನ್ನೂ ನನ್ನ ದೊಡ್ಡ ಗುಣವೆಂದೇ ತಿಳಿದು, ಕಣ್ಣೊರೆಸಿಕೊಂಡು, ಸೀರೆಯನ್ನು ಯಂತ್ರದ ಮೇಲಿಟ್ಟು ಹೋದಳು.

ಪ್ರಫುಲ್ಲ ಅವರಮ್ಮನ ಹಾಗಲ್ಲ. ಅವಳು ಒಬ್ಬಳೇ ಬಂದಳು, ಕೈಯಲ್ಲಿ ಏನೂ ತರಲಿಲ್ಲ. ಬಂದು ಎದುರಿಗೆ ಕೂತಳು.

‘ಅತ್ತೆ, ನಂಗೆ ಆ ಕಲ್ಲು ಬೇಕು’ ಎಂದಳು. ‘ನಿಮಗೂ ಬೇಕು ಅಂತ ಗೊತ್ತು. ಬಿಟ್ಟುಕೊಡಿ ಅಂತ ಕೇಳೋಕೆ ಬಂದಿಲ್ಲ. ನಂಗೂ ಬೇಕು ಅಂತ ಹೇಳೋಕೆ ಬಂದೆ ಅಷ್ಟೆ. ಇನ್ನೊಂದು ಸಿಗೋಕೆ ಎಷ್ಟು ವರ್ಷ ಆಗತ್ತೋ ಏನೋ.’

ಇಡೀ ಊರು ಹೊಗಳಿದಾಗ ಅಲುಗದವಳು ಈ ಹುಡುಗಿಯ ಮುಂದೆ ಅಲುಗಿಹೋದೆ. ನಾನು ಎತ್ತಿ ಆಡಿಸಿದ ಮಗು. ಕೊಟ್ಟುಬಿಡಲೇ ಎಂದು ಒಂದು ಗಳಿಗೆ ನಿಜವಾಗಿ ಅನ್ನಿಸಿತು. ಆದರೆ ಕೊಟ್ಟರೆ ಕಲ್ಲಿನ ಜೊತೆಗೆ ಗಂಡನನ್ನೂ ಕೊಟ್ಟಂತೆ. ಬೀದಿದೀಪ ಹತ್ತುವ ತನಕದ ಗಂಡನೂ ಇಲ್ಲದ ಹಾಗಾಗುತ್ತದೆ. ‘ಹೋಗು, ಕಾಫಿ ಮಾಡ್ಕೊಂಡು ಬಾ, ಇಬ್ರೂ ಕುಡಿಯೋಣ’ ಎಂದೆ. ಅವಳು ಮಾಡಿದ ಕಾಫಿ ಎಂದಿನಂತೆ ಕೆಟ್ಟದಾಗಿತ್ತು; ಇಬ್ಬರೂ ಕುಡಿದೆವು.

ತೀರ್ಮಾನದ ದಿನ ದುರ್ಬೀನು ಮನೆಯ ಜಗಲಿ ತುಂಬ ಜನ. ಮೇಜಿನ ಮೇಲೆ ನಮ್ಮ ಹಳೆಯ ಫಲಕ. ಅದರಲ್ಲಿ ಸಾವಿರ ಚುಕ್ಕೆಗಳ ನಡುವೆ ಒಂದು ಚುಕ್ಕೆಯ ಸುತ್ತ ಕೆಂಪು ಶಾಯಿಯ ಉಂಗುರ. ಊರಿನ ಅಧ್ಯಕ್ಷರು ಬಂದರು. ಅವರ ಮನೆಯೊಳಗೆ ಆಗ ನಟ್ಟಿರುಳು, ಹಾಗಾಗಿ ನಿದ್ದೆಗಣ್ಣಿನಲ್ಲೇ ಬಂದಿದ್ದರು, ಪಂಚೆಯ ಮೇಲೆ ಸ್ವೆಟರು, ತಲೆಗೆ ಮಫ್ಲರು. ಪಕ್ಕದಲ್ಲಿ ಒಬ್ಬ ಹೂವಿನ ಹಾರ ಹಿಡಿದು ನಿಂತಿದ್ದ. ಆ ಹಾರ ನನಗೇ ಎಂದು ಗೊತ್ತಾಗಿ ನನಗೆ ನಗು ಬಂತು.

‘ತ್ಯಾಗ ಅನ್ನೋದು’ ಎಂದು ಅಧ್ಯಕ್ಷರು ಶುರು ಮಾಡಿ, ಆಕಳಿಸಿದರು. ‘ತ್ಯಾಗ ಅನ್ನೋದು ನಮ್ಮೂರಿನ ಹೆಣ್ಣುಮಕ್ಕಳ ರಕ್ತದಲ್ಲೇ ಇದೆ. ಇವತ್ತು ಪದ್ಮಾಕ್ಷಮ್ಮನೋರು...’

‘ನಂಗೆ ಕಲ್ಲು ಬೇಕು’ ಎಂದೆ.

ಅಧ್ಯಕ್ಷರು ಕಣ್ಣು ಬಿಟ್ಟರು. ಬಹುಶಃ ಆಗಲೇ ಅವರಿಗೆ ಪೂರ್ತಿ ಎಚ್ಚರವಾದದ್ದು. ಹಾರ ಹಿಡಿದವನು ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

‘ಏನಂದ್ರಿ?’

‘ಕಲ್ಲು ನಮ್ಮದು. ಮೊದಲು ಕಂಡಿದ್ದು ನಮಗೆ. ನಂಗೆ ತ್ಯಾಗ ಮಾಡೋಕೆ ಇಷ್ಟ ಇಲ್ಲ.’ ಹೇಳುತ್ತಲೇ ಫಲಕದ ಮೇಲೆ ಕೈಯಿಟ್ಟೆ. ಗಾಜು ತಣ್ಣಗಿತ್ತು.

ಜಗಲಿಯ ಮೇಲೆ ಗುಸುಗುಸು ಎದ್ದಿತು. ಮೂರನೆಯ ತರಗತಿಯ ಮಕ್ಕಳ ನಮಸ್ಕಾರ ದಂಡವಾಯಿತೆಂದು ಮೇಡಮ್ಮಿನ ಮುಖದಲ್ಲೇ ಬರೆದಿತ್ತು. ತುಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಒಬ್ಬೊಬ್ಬರೇ ನನ್ನನ್ನು ಬಿಟ್ಟು ಇವರ ಕಡೆಗೆ ತಿರುಗಿದರು. ಇವರು ಜಗಲಿಯ ಕಂಬಕ್ಕೆ ಒರಗಿ, ತೊಲೆಗೆ ತಲೆ ತಾಗದಂತೆ ಕತ್ತು ಓರೆ ಮಾಡಿಕೊಂಡು ನಿಂತಿದ್ದರು.

‘ವಾಮನಮೂರ್ತಿಗಳೇ, ನೀವೇನಂತೀರಿ?’ ಎಂದು ಉಗ್ರಪ್ಪನವರು ಕೇಳಿದರು.

ಇವರು ಬಾಯಿ ತೆರೆದರು. ‘ನೋ’ ಎಂಬ ಅಕ್ಷರ ತುಟಿಯ ಮೇಲೆ ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ತುಂಗಮ್ಮ ಉಸಿರು ಬಿಟ್ಟದ್ದು ಕೇಳಿಸಿತು. ಆದರೆ ಆ ಮಾತು ಪೂರ್ತಿಯಾಗಲಿಲ್ಲ. ಅದನ್ನು ನುಂಗಿಕೊಂಡರು.

‘ದೀಪ ಹತ್ತೋ ಹೊತ್ತಿಗೆ ಎದ್ದು ಹೋಗ್ತೀನಿ ನಾನು’ ಎಂದರು, ಯಾರ ಮುಖವನ್ನೂ ನೋಡದೆ. ‘ಇವಳು ಏನೋ ಹೇಳ್ತಾ ಇರ್ತಾಳೆ, ಅರ್ಧ ಮಾತಲ್ಲಿ ಎದ್ದು ಹೋಗ್ತೀನಿ. ಅವಳಿಗೆ ಜ್ವರ ಬಂದಾಗಲೂ ಎದ್ದು ಹೋಗಿದೀನಿ. ಹೋಗಿ ಕೋಣೇಲಿ ಸುಮ್ನೆ ಕೂತಿರ್ತೀನಿ. ಗೋಡೆ ತುಂಬಾ ಊರೋರ ಗಡಿಯಾರ, ಎಲ್ಲರ ಮನೆ ಹೊತ್ತೂ ಟಿಕ್ ಟಿಕ್ ಅಂತಿರತ್ತೆ. ನಮ್ಮದೊಂದು ಇಲ್ಲ. ಪ್ರಫುಲ್ಲ ನಂಗೆ ಮಗಳಿದ್ದ ಹಾಗೆ. ಅವಳು ಏನು ಕೇಳಿದ್ರೂ ಕೊಡ್ತೀನಿ. ಇದನ್ನ ಕೊಡಲ್ಲ.’

ಇಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಬಂದು, ನನ್ನ ಕೈಯ ಪಕ್ಕದಲ್ಲಿ ತಮ್ಮ ಕೈಯನ್ನು ಇಟ್ಟು, ‘ನಮ್ಮದು’ ಎಂದರು. ನನಗೆ ಅಳು ಬಂತು. ಅಷ್ಟು ಜನರ ಮುಂದೆ ಮೂಗು ಒರೆಸಿಕೊಳ್ಳಲು ಒಂದು ಕೈಯೂ ಖಾಲಿಯಿರಲಿಲ್ಲ; ಒಂದು ಫಲಕದ ಮೇಲಿತ್ತು, ಇನ್ನೊಂದರಿಂದ ಅವರ ತೋಳನ್ನು ಹಿಡಿದುಕೊಂಡಿದ್ದೆ.

‘ಅಣ್ಣ, ನೀನೂನಾ’ ಎಂದಳು ತುಂಗಮ್ಮ.

‘ಗ್ಯಾಸ್‌ಲೈಟಿನ ವಿಷಯ ನಾನು ಇಲ್ಲಿ ಎತ್ತಲ್ಲ ತುಂಗ’ ಎಂದರು ಇವರು. ಹಾಗೆಂದು ಹೇಳಿ ಎತ್ತಿಯೇಬಿಟ್ಟರು. ಇಡೀ ಜಗಲಿ ತುಂಗಮ್ಮನ ಕಡೆ ನೋಡಿತು. ಅಧ್ಯಕ್ಷರು ತಂದ ಹಾರವನ್ನು ಹಿಂದಕ್ಕೆ ಒಯ್ಯಲು ಮನಸ್ಸಾಗದೆ, ಯಾರಿಗೆ ಹಾಕುವುದೆಂದೂ ತಿಳಿಯದೆ, ದುರ್ಬೀನಿನ ಕುತ್ತಿಗೆಗೆ ಹಾಕಿ ಮಲಗಲು ಹೋದರು.

ಪ್ರಫುಲ್ಲ ನಮ್ಮ ಜೊತೆ ಬಹಳ ದಿನ ಮಾತಾಡಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ, ನಾನು ಸಮಾಧಾನ ಮಾಡಲು ಹೋಗಲಿಲ್ಲ. ಈಗ ಅವಳೂ ಗಂಗರಾಜೂ ಸಂಜೆಯ ಹೊತ್ತು ಗುಡ್ಡ ಹತ್ತಿ, ಫಲಕಗಳನ್ನು ತಾವೇ ಜೋಡಿಸಿಟ್ಟು ಹುಡುಕುತ್ತಿದ್ದಾರೆ; ಒಂದು ಚುಕ್ಕೆ ಒಂದು ಸಲ ಕಂಡಿದೆಯಂತೆ. ನಮ್ಮ ಮನೆಗೆ ಊಟಕ್ಕೆ ಬರುತ್ತಾಳೆ. ಮಾತಿಲ್ಲದೆ ಬಂದು, ಮೊದಲ ಮಧ್ಯಾಹ್ನದ ಊಟ ಮಾಡಿ, ಮಬ್ಬಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದು, ಎರಡನೆಯ ಮಧ್ಯಾಹ್ನದ ಊಟವನ್ನೂ ಮುಗಿಸಿ ಹೋಗುತ್ತಾಳೆ. ಹೋದ ವಾರ ಹೋಗುವಾಗ ‘ಪಲ್ಯಕ್ಕೆ ಉಪ್ಪು ಜಾಸ್ತಿ’ ಎಂದಳು. ಅಷ್ಟಾದರೂ ಬಾಯಿ ಬಿಟ್ಟಳಲ್ಲ ಎಂದು ನನಗೆ ಹಿಗ್ಗಾಯಿತು. ತುಂಗಮ್ಮ ಸೀರೆಯನ್ನು ವಾಪಸ್ಸು ತರಿಸಿಕೊಂಡಳು.

ಆದರೆ ನಾನು ಹೇಳಬೇಕೆಂದಿರುವುದು ಮೊದಲ ದಿನದ ಸಂಗತಿ. ಆ ಗಿಳಿಹಸಿರು ಮನೆಯೇ ನಮಗೆ ಬಂತು, ಬೇರೆ ಖಾಲಿ ಮನೆ ಇರಲಿಲ್ಲ. ಪೆಟ್ಟಿಗೆ, ಪಾತ್ರೆ, ಹೊಲಿಗೆ ಯಂತ್ರ ಎಲ್ಲ ಇಳಿಸಿ ಬಾಗಿಲು ಹಾಕಿಕೊಂಡೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೋಡೆಗಳು ಮೆಲ್ಲಗೆ ತಿಳಿಯಾಗತೊಡಗಿದವು. ಇದ್ದಿಲಿನ ಬೆಳಗು, ನೀರು ಹೆಚ್ಚಾದ ಕಾಫಿಯ ಬಣ್ಣ. ‘ಬೆಳಗಾಯ್ತು’ ಎಂದರು ಇವರು, ನನಗೆ ಗೊತ್ತಾಗಲಿಲ್ಲವೇನೋ ಎಂಬಂತೆ. ನಾನು ಅವಸರದಲ್ಲಿ ಅನ್ನಕ್ಕಿಟ್ಟೆ. ಅನ್ನ ಆಗುವಷ್ಟರಲ್ಲಿ ಮೊದಲ ಮಧ್ಯಾಹ್ನ ಕಳೆದುಹೋಗಿತ್ತು. ತಟ್ಟೆಗೆ ಬಡಿಸುವಷ್ಟರಲ್ಲಿ ಮಬ್ಬು. ಎರಡನೆಯ ಮಧ್ಯಾಹ್ನದಲ್ಲಿ ಉಂಡೆವು, ಇಬ್ಬರಿಗೂ ನಗು. ಪಾತ್ರೆ ತೊಳೆಯುತ್ತಾ, ಕಬ್ಬಿಣದ ಮನೆಯವಳ ಪರದೆಯ ಕಥೆ ಹೇಳತೊಡಗಿದೆ. ಕಥೆ ಅರ್ಧವಾಗುವಷ್ಟರಲ್ಲಿ ಮನೆಯೊಳಗೆ ಸಂಜೆಯಾಯಿತು.

ಇವರು ಎದ್ದರು. ಚಪ್ಪಲಿ ಮೆಟ್ಟಿದರು. ಬಾಗಿಲು ತೆರೆದು, ಬಗ್ಗಿ, ಹೊರಗೆ ಕಾಲಿಟ್ಟರು. ಹೊರಗೆ ಬೀದಿಯಲ್ಲಿ ರಣಬಿಸಿಲು. ದೀಪದ ಕಂಬದ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಇವರು ಹೊಸ್ತಿಲ ಆಚೆ ನಿಂತು ಬಿಸಿಲನ್ನು ನೋಡಿದರು, ತಿರುಗಿ ಮನೆಯೊಳಗಿನ ಕತ್ತಲನ್ನು ನೋಡಿದರು. ನಾನು ಕೈಯಲ್ಲಿ ಸೌಟು ಹಿಡಿದು ಸುಮ್ಮನೆ ನಿಂತಿದ್ದೆ. ಕರೆಯಬಾರದು ಎಂದು ತುಟಿ ಕಚ್ಚಿಕೊಂಡಿದ್ದೆ. ಅವರಷ್ಟಕ್ಕೇ ಹೊಳೆಯಬೇಕು ಅದು. ಎಷ್ಟೋ ಹೊತ್ತಾದ ಮೇಲೆ ಒಳಗೆ ಬಂದರು. ಚಪ್ಪಲಿ ಬಿಟ್ಟರು. ಬಾಗಿಲು ಮುಚ್ಚಿ ಅಗುಳಿ ಹಾಕಿದರು. ಒಳಗಿನಿಂದ ಅಗುಳಿ ಹಾಕಿ ಅಭ್ಯಾಸವಿಲ್ಲದೆ ಅದನ್ನು ಎರಡು ಮೂರು ಸಲ ಎಳೆದು ನೋಡಿದರು.

‘ಆ ಪರದೆ ಹೆಂಗಸು ಆಮೇಲೆ ಏನಂದ್ಳು?’ ಎಂದು ಕೇಳಿದರು.

ನಾನು ಕಥೆಯನ್ನು ಮುಗಿಸಿದೆ. ಅವರು ಕೊನೆಯವರೆಗೂ ಕೇಳಿದರು. ಅಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಕಿರುದೀಪ ಹಚ್ಚಿ ಹಾಸಿಗೆ ಬಿಡಿಸಿದೆ. ಅವರು ಹಾಸಿಗೆಯ ಕಾಲ ಬದಿಯಲ್ಲಿ, ಯಾರದೋ ಮನೆಗೆ ಬಂದವರಂತೆ ಕೈಕಟ್ಟಿಕೊಂಡು ನಿಂತು, ‘ಪದ್ಮ, ನಾನು ಯಾವ ಮಗ್ಗುಲು?’ ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯೋಚಿಸಿಯೇ ಇರಲಿಲ್ಲ. ಗೋಡೆಯ ಕಡೆ ಎಂದೆ. ಗೋಡೆ ಅವರ ಮೊಣಕೈಗೆ ತಾಗುತ್ತಿತ್ತು. ಹಾಗಾದರೆ ಬಾಗಿಲ ಕಡೆ ಎಂದೆ. ಬಾಗಿಲ ಕಡೆ ಮಲಗಿದರೆ ಎದ್ದು ಹೋಗಿಬಿಡ್ತೀನೇನೋ ಎಂದು ಅವರೇ ಹೆದರಿದರು. ಮಂಚವನ್ನು ಈಚೆಗೆ ಎಳೆದು ನೋಡಿದೆವು. ದಿಂಬನ್ನು ಆ ತುದಿಗೆ ಹಾಕಿ ನೋಡಿದೆವು. ನಾನು ಈ ಕಡೆಯಿಂದ ಆ ಕಡೆಗೆ ಹೋದೆ, ಅವರು ಆ ಕಡೆಯಿಂದ ಈ ಕಡೆಗೆ ಬಂದರು. ಕೊನೆಗೂ ಇಬ್ಬರಿಗೂ ಒಪ್ಪಿಗೆಯಾಗಿ, ದೀಪ ಆರಿಸಿ ಮಲಗುವಷ್ಟರಲ್ಲಿ ಬೆಳಗಾಯಿತು.